ಕುರ್ಚಿಯಿಂದ ಏಳುವುದು

ತಣ್ಣಗಿದೆ ಭಾರ ಎತ್ತುವ ಸರಳು, ಬೆಳಗಿನ ಹೊತ್ತು ಯಾವಾಗಲೂ ಹೀಗೇ, ಕಬ್ಬಿಣಕ್ಕೆ ಇನ್ನೂ ಎಚ್ಚರವಾಗಿಲ್ಲವೇನೋ ಅನ್ನುವ ಹಾಗೆ, ಎಂಟು ವರ್ಷದಿಂದ ಅಂಗೈಯಲ್ಲಿ ಕೂತಿರುವ ಜಡ್ಡುಗಳಿಗೆ ಅದರ ಒರಟು ಕೆತ್ತನೆ ಕಚ್ಚಿಕೊಳ್ಳುತ್ತಿದೆ, ಅವಳು ಬಗ್ಗಿ ಹಿಡಿದಿದ್ದಾಳೆ, ಇನ್ನೂ ಎತ್ತಿಲ್ಲ, ಎತ್ತುವ ಮುಂಚಿನ ಈ ಒಂದು ಉಸಿರೆಂದರೆ ಅವಳಿಗೆ ಇಷ್ಟ, ಅದರೊಳಕ್ಕೆ ಮನೆಯಾಗಲಿ ಬೀದಿಯಾಗಲಿ ಕಾಲಿಡುವುದಿಲ್ಲ — ಇವತ್ತು ಮಾತ್ರ ಅಕ್ಕ ಕಾಲಿಟ್ಟಿದ್ದಾಳೆ, ಹತ್ತು ವಾರದಿಂದ ನೆಲಕ್ಕೆ ಕಾಲೂರದ ಅಕ್ಕ ಈ ಉಸಿರಿನೊಳಕ್ಕೆ ಮಾತ್ರ ನೆಟ್ಟಗೆ ನಡೆದುಬಂದು ಎದುರಿಗೆ ನಿಂತಿದ್ದಾಳೆ, ಬೆಳಿಗ್ಗೆ ಏಳಕ್ಕೇ ಅಕ್ಕನ ಮಗಳ ಫೋನು, ಚಿಕ್ಕಮ್ಮ, ಇವತ್ತು ಹನ್ನೊಂದಕ್ಕೆ ಬಂದ್ಬಿಡಿ, ಫಿಸಿಯೋ ಮೇಡಂ ಇನ್ಮೇಲೆ ಬರಲ್ವಂತೆ, ನಿಲ್ಲೋಕೇ ಒಪ್ಪದವರಿಗೆ ನಾನೇನು ಕಲಿಸ್ಲಿ ಅಂದ್ರು, ಅಮ್ಮ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದಾಳೆ, ನೀವು ಹೇಳಿದ್ರೆ ಕೇಳ್ತಾಳೇನೋ — ತಾನು ಹೇಳಿದರೆ ಕೇಳುತ್ತಾಳೆ, ತಾನು ಆಡಿದ ಒಂದು ಮಾತನ್ನು ಆರು ವರ್ಷದಿಂದ ಕೇಳಿಸಿಕೊಳ್ಳುತ್ತಲೇ ಇದ್ದಾಳಲ್ಲ, ತೊಂದರೆ ಇರುವುದೇ ಅಲ್ಲಿ. ಏನಮ್ಮಾ ಎಕ್ಸ್‌ರೇ, ಭಾರ ಎತ್ತುತ್ತೀರೋ ಅದರ ಮುಂದೆ ಧ್ಯಾನ ಮಾಡ್ತೀರೋ, ಬೆನ್ನ ಹಿಂದಿನಿಂದ ಡ್ರಿಲ್ ಟೀಚರ ದನಿ, ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ಆಕೆಯ ದನಿಗೂ ಸೀಟಿಯ ಮೊನೆ ಬಂದುಬಿಟ್ಟಿದೆ, ಈ ವ್ಯಾಯಾಮದ ಕೋಣೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಮಾಡುವ ಕೆಲಸವೇ ಹೆಸರು, ಅಂಚೆ, ಬೇಕರಿ, ನರ್ಸಮ್ಮ, ಎಕ್ಸ್‌ರೇ, ಆಸ್ಪತ್ರೆಯ ಎಕ್ಸ್‌ರೇ ಕೆಲಸದಿಂದ ನಿವೃತ್ತಿಯಾಗಿ ಎರಡು ತಿಂಗಳಾದರೂ ಅವಳು ಎಕ್ಸ್‌ರೇಯೇ — ಹಿಮ್ಮಡಿ ನೆಲಕ್ಕೆ, ಎದೆ ಮುಂದಕ್ಕೆ, ಉಸಿರು ಒಳಕ್ಕೆ, ಸರಳು ಮೊಣಕಾಲನ್ನು ಸವರಿಕೊಂಡು ಮೇಲೆ ಬರುತ್ತದೆ, ಅರವತ್ತು ಕಿಲೋ, ಅವಳ ವಯಸ್ಸೂ ಅರವತ್ತು, ವರ್ಷಕ್ಕೊಂದು ಕಿಲೋ ಅಂತ ಬೇಕರಿ ಛೇಡಿಸುತ್ತಾಳೆ, ನಿಂತಳು, ಕಿವಿಯೊಳಗೆ ರಕ್ತ ಗುಂಯ್‌ಗುಟ್ಟಿತು, ಇಳಿಸಿದಳು, ಸರಳಿನ ತುದಿಯ ಕಬ್ಬಿಣದ ಬಿಲ್ಲೆಗಳು ರಬ್ಬರ್ ಹಾಸಿನ ಮೇಲೆ ಧಪ್ಪೆಂದವು, ಕೆಳಗಿನ ಮಹಡಿಯ ಮುದ್ರಣಾಲಯದವನು ಮೊದಮೊದಲು ಕೋಲಿನಿಂದ ಚಾವಣಿ ಕುಟ್ಟುತ್ತಿದ್ದ, ಈಗ ಅವನ ಹೆಂಡತಿಯೇ ಇಲ್ಲಿಗೆ ಬರುತ್ತಾಳೆ, ಕುಟ್ಟುವುದು ನಿಂತಿದೆ.

ಎಂಟು ವರ್ಷ, ಶುರುವಾದದ್ದು ಒಂದು ಮಿಷನ್ನಿನಿಂದ, ಆಸ್ಪತ್ರೆಗೆ ಮೂಳೆಯ ಗಟ್ಟಿತನ ಅಳೆಯುವ ಹೊಸ ಮಿಷನ್ ಬಂದ ದಿನ, ಕಂಪನಿಯ ಎಂಜಿನಿಯರು ತಂತಿಯೆಲ್ಲ ಜೋಡಿಸಿ ಕೈ ಒರೆಸಿಕೊಳ್ಳುತ್ತ ಪರೀಕ್ಷೆಗೆ ಯಾರಾದ್ರೂ ಒಬ್ರು ಮಲಗ್ತೀರಾ ಮೇಡಂ ಅಂದರು, ಇವಳೇ ಮಲಗಿದಳು, ಇಪ್ಪತ್ಮೂರು ವರ್ಷ ಊರಿಗೆಲ್ಲ ಮಲಗಿ ಮಲಗಿ ಅಂದವಳು ತಾನು ಮಲಗಿದ್ದು ಅದೇ ಮೊದಲು, ಮಿಷನ್ನಿನ ಕೈ ಮೆಲ್ಲಗೆ ಅವಳ ಸೊಂಟದ ಮೇಲೆ ಹಾದುಹೋಯಿತು, ಪರದೆಯ ಮೇಲೆ ಬಂತು, ಮೈನಸ್ ಎರಡು ಪಾಯಿಂಟ್ ಏಳು, ಮೈನಸ್ ಎರಡೂವರೆಗಿಂತ ಕೆಳಗೆ ಹೋದರೆ ಮೂಳೆ ಸವೆದಿದೆ ಅಂತ ಲೆಕ್ಕ, ನಿಮ್ಮ ಮಿಷನ್ ಸರಿಯಿಲ್ಲ ನೋಡಿ ಅಂದಳು, ಅವರು ಇನ್ನೊಮ್ಮೆ ಓಡಿಸಿದರು, ಮೈನಸ್ ಎರಡು ಪಾಯಿಂಟ್ ಏಳು, ಮಿಷನ್ ಸರಿಯಾಗೇ ಇದೆ ಮೇಡಂ, ಅಂತ ತಾವೇ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು, ಐವತ್ತೆರಡು ಆಗ ಅವಳಿಗೆ, ಮುಟ್ಟು ನಿಂತು ಮೂರು ವರ್ಷ, ಆ ಮೂರು ವರ್ಷವೂ ಸೀಸದ ಏಪ್ರನ್ನಿನ ಒಳಗೆ ಮೈ ಇದ್ದಕ್ಕಿದ್ದಂತೆ ಕಾದ ಹೆಂಚಾಗುತ್ತಿತ್ತು, ರೋಗಿ ಉಸಿರು ಹಿಡಿದು ಮಲಗಿದ್ದರೆ ಇವಳು ಗಾಜಿನ ಹಿಂದೆ ರಿಪೋರ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು, ಇದೊಂದು ಕಳೆದರೆ ಸಾಕಪ್ಪಾ ಅಂದುಕೊಂಡಿದ್ದಳು, ಕಳೆದಿತ್ತು, ಆದರೆ ಬಿಸಿ ಮುಂಬಾಗಿಲಲ್ಲಿ ನಿಂತು ಗಲಾಟೆ ಎಬ್ಬಿಸುತ್ತಿದ್ದಾಗ ಹಿತ್ತಲಿನಿಂದ ವಯಸ್ಸು ಮೂಳೆಯನ್ನು ಸದ್ದಿಲ್ಲದೆ ಹೊತ್ತುಕೊಂಡು ಹೋಗಿತ್ತು, ಊರವರ ಮೂಳೆಯೆಲ್ಲ ಬಲ್ಲವಳಿಗೆ ತನ್ನದೇ ಗೊತ್ತಿರಲಿಲ್ಲ, ದೀಪದ ಬುಡದಲ್ಲಿ ಕತ್ತಲು. ಆ ಸಂಜೆ ಬಸ್ಸಿನಲ್ಲಿ ಅಮ್ಮ ನೆನಪಾಗಿದ್ದಳು, ಕಿಟಕಿಯ ಪರದೆ ಬಿಚ್ಚಲು ಮಣೆ ಹತ್ತಿ ಬಿದ್ದ ಅಮ್ಮ, ಸಾಯುವ ತನಕ ಹನ್ನೊಂದು ತಿಂಗಳು ಹಾಸಿಗೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು, ಬದಲಿಸಿದವಳು ಅಕ್ಕ, ಇವಳಿಗೆ ಡ್ಯೂಟಿ ಇತ್ತು, ಯಾವಾಗಲೂ ಡ್ಯೂಟಿ ಇತ್ತು, ಅಕ್ಕ ಒಂದು ದಿನವೂ ಅದನ್ನು ಎತ್ತಿ ಆಡಿದವಳಲ್ಲ. ಮೂಳೆ ಡಾಕ್ಟರು ಮಾತ್ರೆ ಬರೆದು, ಚೀಟಿಯ ಕೆಳಗೆ ಗೀಟು ಹಾಕಿ, ಜೊತೆಗೆ ಭಾರ ಎತ್ತಿ ಅಂದರು, ಈ ವಯಸ್ಸಲ್ಲಿ ಭಾರ ಇಳಿಸ್ಬೇಕು ಅಂತಾರಲ್ಲ ಡಾಕ್ಟ್ರೇ, ಅನ್ನೋರು ಸಾವಿರ ಅಂತಾರಮ್ಮ, ಮೂಳೆಗೆ ಮಾತು ಕೇಳ್ಸಲ್ಲ, ಅದಕ್ಕೆ ಕೇಳ್ಸೋದು ಭಾರ ಒಂದೇ.

ಮೂಳೆಗೆ ಕೇಳಿಸುವ ಹಾಗೆ ಹೇಳುವುದು ಅಂದರೆ ಅದು ಎಷ್ಟು ನಿಧಾನದ ಮಾತು, ಮೊದಲ ದಿನ ಇದೇ ಕೋಣೆಯ ಮೂಲೆಯಲ್ಲಿ ಡ್ರಿಲ್ ಟೀಚರು ಒಂದು ಮರದ ಕುರ್ಚಿ ತೋರಿಸಿ, ಕೂತ್ಕೊಳ್ಳಿ, ಕೈ ಊರದೆ ಎದ್ದೇಳಿ, ಐದು ಸಲ ಅಂದಿದ್ದರು, ಇಷ್ಟೇನಾ ಅಂದುಕೊಂಡವಳಿಗೆ ನಾಲ್ಕನೆಯದಕ್ಕೆ ತೊಡೆ ನಡುಗಿ ಐದನೆಯದು ಆಗಲೇ ಇಲ್ಲ, ಆಮೇಲೆ ಕೋಲು, ಆಮೇಲೆ ಖಾಲಿ ಸರಳು, ಆಮೇಲೆ ಬಿಸ್ಕತ್ತಿನಂಥ ಪುಟ್ಟ ಬಿಲ್ಲೆಗಳು, ವಾರಕ್ಕೆ ಮೂರು ದಿನ, ಬೇಸಿಗೆಯಲ್ಲಿ, ಚಳಿಯಲ್ಲಿ, ಮಗಳ ಹೆರಿಗೆಯ ವಾರದಲ್ಲಿ, ಮೂರನೇ ವರ್ಷ ಭುಜ ಉಳುಕಿ ಮೂರು ತಿಂಗಳು ಬರೀ ಕಾಲಿನ ಕೆಲಸ, ಬೆಳಿಗ್ಗೆ ಎರಡು ಮೊಟ್ಟೆ, ರಾತ್ರಿ ಲೋಟ ಹಾಲು, ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರದ ಒಳಗಿಂದಲೇ ಅವಳನ್ನು ನೋಡಿ, ಇನ್ನು ನಿನ್ನ ಹತ್ರ ಜಗಳಕ್ಕೆ ಬರ್ಬೇಕಾದ್ರೆ ನಾನು ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬರ್ಬೇಕು ಅಂದಿದ್ದರು — ಎರಡು ವರ್ಷದ ಮೇಲೆ ಮತ್ತೆ ಮಿಷನ್ನಿನ ಕೆಳಗೆ ಮಲಗಿದರೆ ಅದೇ ಮೈನಸ್ ಎರಡು ಪಾಯಿಂಟ್ ಏಳು, ಒಂದು ಕೂದಲೆಳೆ ಅತ್ತಿತ್ತ ಇಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಿದ್ದಳು, ಡಾಕ್ಟರು ಮಾತ್ರ ಖುಷಿಯಾಗಿ ಮೇಜು ಕುಟ್ಟಿದ್ದರು, ಇಳಿಯೋ ಎಸ್ಕಲೇಟರ್ ಮೇಲೆ ಹತ್ತುತಾ ಇದ್ದೀರಮ್ಮ ನೀವು, ಇದ್ದಲ್ಲೇ ಇದ್ದೀರಿ ಅಂದ್ರೆ ಅಷ್ಟು ಹತ್ತಿದ್ದೀರಿ ಅಂತಲೇ ಅರ್ಥ. ಆಮೇಲಿನ ವರ್ಷಗಳಲ್ಲಿ ಮೈನಸ್ ಎರಡೂವರೆ, ಆಮೇಲೆ ಎರಡು ಪಾಯಿಂಟ್ ಮೂರು, ಬೆನ್ನುಮೂಳೆ ಮಾತ್ರ ಹಟಮಾರಿ, ಅದು ತನ್ನ ಅಂಕಿ ಬಿಟ್ಟು ಕದಲಲಿಲ್ಲ, ಕದಲದಿದ್ದರೆ ಬೇಡ, ಕಾಗದದಲ್ಲಿ ಬಾರದ್ದು ಮೈಯಲ್ಲಿ ಬಂದಿತ್ತು, ನೆಲದ ಮೇಲೆ ಕೂತವಳು ಏನನ್ನೂ ಹಿಡಿಯದೆ ಏಳುತ್ತಾಳೆ, ಜಾಡಿಯ ಬಿಗಿದ ಮುಚ್ಚಳ ಈಗ ಗಂಡನೇ ಅವಳ ಮುಂದೆ ತಂದಿಡುತ್ತಾರೆ, ಬಸ್ಸು ಗಕ್ಕನೆ ನಿಂತರೆ ಎಲ್ಲರೂ ಮುಂದಕ್ಕೆ ಮುಗ್ಗರಿಸುವಾಗ ಅವಳ ಕಾಲು ತಾನಾಗಿ ನೆಲ ಕಚ್ಚುತ್ತದೆ, ಎರಡನೇ ವರ್ಷದಲ್ಲೇ ಮೈಗೆ ಬಂದ ಈ ಸಂತೋಷವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಇರಲಾರದಾಗಿ ಅವಳು ಅಕ್ಕನ ಹಿಂದೆ ಬಿದ್ದಿದ್ದಳು, ಬಾರೇ ಅಕ್ಕ, ಒಂದು ಸಲ ಬಾ, ಒಂದೇ ಸಲ.

ಬಂದಿದ್ದಳು, ಅದೇ ಅಲ್ಲವೇ, ಅಕ್ಕ ಬರಲಿಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದಳಲ್ಲ ಇವಳು, ಅಕ್ಕ ಸೋಮಾರಿ, ಅಕ್ಕನಿಗೆ ಹಟ, ಅಕ್ಕನಿಗೆ ಕಿರುಪರದೆಯ ಧಾರಾವಾಹಿ ಬಿಟ್ಟರೆ ಲೋಕವಿಲ್ಲ — ಬಂದಿದ್ದಳು ಅಕ್ಕ, ಅರವತ್ತೆರಡನೇ ವಯಸ್ಸಿನಲ್ಲಿ, ಹೊಸ ಬೂಟು ಕೊಂಡು, ಬಿಳಿ ಬೂಟು, ಪಕ್ಕದಲ್ಲಿ ನೀಲಿ ಗೀಟು, ಇಸ್ತ್ರಿ ಮಾಡಿದ ಬಟ್ಟೆ, ಕೂದಲಿಗೆ ಪಿನ್ನು, ಶಾಲೆಗೆ ಮೊದಲ ದಿನ ಬಂದವಳ ಹಾಗೆ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅಂತ ನೋಡುತ್ತಿದ್ದಳು, ಡ್ರಿಲ್ ಟೀಚರು ಅದೇ ಮರದ ಕುರ್ಚಿ ಎಳೆದು, ಕೂತ್ಕೊಳ್ಳಿ ಅಕ್ಕ, ಕೈ ಊರದೆ ಏಳಿ ಅಂದರು, ಅಕ್ಕ ಕೂತಳು, ಎದ್ದಳು, ಎರಡನೆಯ ಸಲ ಅರ್ಧಕ್ಕೆ ಬಂದು ಸಿಕ್ಕಿಕೊಂಡಳು, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ, ಮುಖ ಕೆಂಪಾಗಿ, ಎರಡು ಕೈ ಗಾಳಿಯಲ್ಲಿ ಏನೋ ಹುಡುಕುತ್ತ, ಆಗ ಇವಳು — ಎರಡು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ತಾನೇ ನಡುಗಿದ್ದನ್ನು ಮರೆತು, ಅಂಚೆ ಬೇಕರಿ ನರ್ಸಮ್ಮ ಎಲ್ಲರ ಮುಂದೆ, ನಮ್ಮಕ್ಕ ಬಾಯಲ್ಲಿ ಮಾತ್ರ ಗಟ್ಟಿ ಅಂದಳು, ಅಂದು ನಕ್ಕಳು, ಮೊದಲು ನಕ್ಕವಳು ಅವಳೇ, ಆಮೇಲೆ ಎಲ್ಲರೂ ನಕ್ಕರು, ಡ್ರಿಲ್ ಟೀಚರು ಮಾತ್ರ ನಗಲಿಲ್ಲ, ಅಕ್ಕನೂ ನಕ್ಕಳು, ನಗುತ್ತಲೇ ಧೊಪ್ಪನೆ ಕೂತಳು, ನಗುತ್ತಲೇ ಚೀಲ ತೆಗೆದುಕೊಂಡಳು, ಅಯ್ಯೋ ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಕಣೆ ಪುಟ್ಟಿ ಅಂದಳು, ಹಾಲು ಇಟ್ಟಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು, ಎಲುಬಿಲ್ಲದ ನಾಲಿಗೆ ಅನ್ನುತ್ತಾರೆ, ಬದುಕಿಡೀ ಎಲುಬು ನೋಡಿ ಅನ್ನ ತಿಂದವಳು ಎಲುಬಿಲ್ಲದ ಒಂದು ತುಂಡಿನಿಂದ ಒಡಹುಟ್ಟಿದವಳನ್ನು ಮುರಿದಿದ್ದಳು, ಅದಕ್ಕೆ ಫಿಲ್ಮು ಇಲ್ಲ, ರಿಪೋರ್ಟು ಇಲ್ಲ. ಎರಡು ವಾರ ಕರೆದಳು, ಆಮೇಲೆ ಕರೆಯುವುದನ್ನೂ ಬಿಟ್ಟಳು, ಬರದವಳ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭವಿತ್ತು.

ಬೆವರು ಒರೆಸಿಕೊಳ್ಳುತ್ತ ಡ್ರಿಲ್ ಟೀಚರ ಹತ್ತಿರ ಹೋದಳು, ಅವರು ಬಿಲ್ಲೆಗಳನ್ನು ಒಂದೊಂದಾಗಿ ಗೋಡೆಯ ಗೂಟಕ್ಕೆ ಸೇರಿಸುತ್ತಿದ್ದರು, ಎಪ್ಪತ್ತು ದಾಟಿದ ಬೆನ್ನು, ಗೆರೆ ಎಳೆದ ಹಾಗೆ, ಟೀಚರ್, ನಮ್ಮಕ್ಕನ್ನ ಇವತ್ತು ನಿಲ್ಲಿಸ್ಬೇಕು, ಹ್ಞೂಂ, ಎಷ್ಟಿದ್ದಾರೆ ತೂಕ, ನಲವತ್ತಾರು, ಬರೀ ನಲವತ್ತಾರು ಟೀಚರ್, ನಾನು ಕಂಕುಳಿಗೆ ಕೈ ಕೊಟ್ಟು ಒಂದೇ ಏಟಿಗೆ ಎತ್ತಿ ನಿಲ್ಲಿಸ್ಬಿಡ್ತೀನಿ — ಎತ್ತಬೇಡಿ, ಅಂದರು ಅವರು, ತಿರುಗಿ ನೋಡದೆ, ನೀವು ಎತ್ತಿದ್ರೆ ವ್ಯಾಯಾಮ ನಿಮ್ಮ ಮೂಳೆಗೆ, ಅವರದ್ದಕ್ಕಲ್ಲ, ಮನೇಲಿ ಎಲ್ರೂ ಎತ್ತಿ ಎತ್ತಿಯೇ ಕೂರಿಸ್ತಿದ್ದಾರೆ ಅಲ್ವಾ, ಹೌದು, ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಮಗಳು ಒಂದು ಕಡೆ ಅಳಿಯ ಒಂದು ಕಡೆ, ಗಾಜಿನ ಸಾಮಾನು ಸಾಗಿಸುವ ಹಾಗೆ, ಹಾಗಾದ್ರೆ ಕೇಳಿ, ಕುರ್ಚಿಗೆ ಎರಡು ದಿಂಬು ಹಾಕಿ ಎತ್ತರ ಮಾಡಿ, ವಾಕರ್ ಮುಂದಿಡಿ, ಕುರ್ಚಿ ಹಿಂದಕ್ಕೆ ಜಾರದ ಹಾಗೆ ಯಾರಾದ್ರೂ ಹಿಡ್ಕೊಳ್ಳಲಿ, ನೀವು ಎದುರಿಗೆ ಕೂತ್ಕೊಳ್ಳಿ, ಬಿದ್ರೆ ಹಿಡಿಯೋ ಅಷ್ಟು ಹತ್ರ, ಆದ್ರೆ ಕೈ ನಿಮ್ಮ ತೊಡೆ ಮೇಲಿರ್ಲಿ, ಎಳೀಬೇಡಿ, ನೂಕ್ಬೇಡಿ, ಆಮೇಲೆ, ಎಕ್ಸ್‌ರೇ, ಅಂತ ಈಗ ತಿರುಗಿ ಇವಳ ಮುಖ ನೋಡಿದರು, ಬಾಯಿ ಮುಚ್ಕೊಂಡಿರಿ — ಅವರಿಗೂ ನೆನಪಿದೆ, ಆರು ವರ್ಷ ಒಂದು ಮಾತೂ ಎತ್ತಿಲ್ಲ, ನೆನಪಿದೆ.

ಮೆಟ್ಟಿಲು ಇಳಿದಳು, ಮುದ್ರಣಾಲಯದ ಶಾಯಿಯ ವಾಸನೆ, ಕಾಗದದ ಕಟ್ಟುಗಳು, ಬೀದಿಗೆ ಬಂದರೆ ಬೇಲಿಗೆ ಸುಣ್ಣ ಬಳಿಯುತ್ತಿದ್ದಾರೆ, ಔಷಧಿ ಅಂಗಡಿಯ ಮುಂದೆ ಮುದುಕಿಯೊಬ್ಬಳು ಮೆಟ್ಟಿಲ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತ ನಿಂತಿದ್ದಾಳೆ, ಆ ನಿಲುವು ಇವಳಿಗೆ ಗೊತ್ತು, ಮೊದಲು ಕೈಗೆ ಏನು ಸಿಕ್ಕುತ್ತದೆ ಅಂತ ನೋಡುವ ನಿಲುವು, ಅಂಥವರನ್ನು ಎಷ್ಟು ಜನರನ್ನು ನೋಡಿಲ್ಲ ಸ್ಟ್ರೆಚರಿನ ಮೇಲೆ, ಚಾಪೆಯ ಅಂಚಿಗೆ ಕಾಲು ಸಿಕ್ಕಿಕೊಂಡವರು, ಬಚ್ಚಲಲ್ಲಿ ಜಾರಿದವರು, ಬಾಗಿಲು ತಟ್ಟಿದರೆಂದು ಅವಸರದಲ್ಲಿ ಎದ್ದವರು, ಒಳಗೆ ತರುವಾಗಲೇ ಫಿಲ್ಮು ಬೇಡ ಅವಳಿಗೆ, ಒಂದು ಕಾಲು ಗಿಡ್ಡ, ಪಾದ ಹೊರಕ್ಕೆ ವಾಲಿದೆ, ತೊಡೆಮೂಳೆಯ ಕತ್ತು ಹೋಗಿದೆ, ಮುಗಿಯಿತು — ಕೆಲಸದ ಕೊನೆಯ ವಾರದಲ್ಲಿ ಹಾಗೇ ಒಂದು ಸ್ಟ್ರೆಚರು ಬಂತು, ಪಾದ ನೋಡಿದಳು, ಹೊರಕ್ಕೆ ವಾಲಿತ್ತು, ಆಮೇಲೆ ಮುಖ ನೋಡಿದಳು, ಅಕ್ಕ, ಅಡುಗೆಮನೆಯಲ್ಲಿ ತಿರುಗುವಾಗ ಬಿದ್ದಳಂತೆ, ಸುಮ್ಮನೆ ತಿರುಗುವಾಗ, ಒದ್ದೆಯೂ ಇರಲಿಲ್ಲ ನೆಲ, ಅಕ್ಕನ ಮಗಳು ಬಾಗಿಲಾಚೆ ಅಳುತ್ತಿದ್ದಳು, ಬೇರೆಯವರನ್ನು ಕರೆಯಲೇ ಅಂತ ನರ್ಸ್ ಕೇಳಿದರೆ ಬೇಡ, ನಾನೇ ತೆಗೀತೀನಿ ಅಂದಳು, ಪ್ಲೇಟು ಸರಿಸಿದಳು, ಸೊಂಟದ ಕೆಳಗೆ ಮೆಲ್ಲಗೆ ಕೈ ಹಾಕಿದಳು, ಆಗ ಅಕ್ಕ ಅವಳ ಸೀಸದ ಏಪ್ರನ್ನಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ನೋವಿನಲ್ಲಿ ಬಿಳಿಚಿದ ತುಟಿಯಿಂದ, ಪುಟ್ಟೀ, ನಗಬೇಡ ಕಣೆ, ಅಂದಳು. ಇವಳು, ಉಸಿರು ಹಿಡ್ಕೊಳ್ಳಿ, ಅಲ್ಲಾಡ್ಬೇಡಿ ಅಂದಳು, ಬಹುವಚನದಲ್ಲಿ, ಎಲ್ಲ ರೋಗಿಗಳಿಗೂ ಹೇಳುವ ಹಾಗೆ, ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದಳು. ಆಪರೇಷನ್ ಚೆನ್ನಾಗಿಯೇ ಆಯಿತು, ರಾಡು ಕೂತಿತು, ತಿರುಪು ಕೂತಿತು, ಮರುದಿನವೇ ನಿಲ್ಲಿಸಿದರು, ಅಕ್ಕ ಎರಡು ದಿನ ನಿಂತಳು, ಮೂರನೇ ದಿನ ಕಣ್ಣಿಗೆ ಕತ್ತಲೆ ಬಂದು ಕುಸಿದವಳು ಆಮೇಲೆ ಇಲ್ಲ ಅಂದಳು, ಬರೀ ಇಲ್ಲ, ಹತ್ತು ವಾರ, ಹಾಸಿಗೆ ಅನ್ನುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಈ ಲೋಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅಕ್ಕನಿಗೆ ಗೊತ್ತು, ಹನ್ನೊಂದು ತಿಂಗಳು ಮಗ್ಗುಲು ಬದಲಿಸಿದ ಕೈ ಅದು, ಗೊತ್ತಿದ್ದೂ ಗೋಡೆಗೆ ಮುಖ ಮಾಡಿದ್ದಾಳೆ.

ಅಕ್ಕನ ಮಗಳು ಬಸ್ ಡಿಪೋದ ಕಚೇರಿಗೆ ಅರ್ಧ ದಿನ ರಜೆ ಹಾಕಿ ಬಾಗಿಲಲ್ಲೇ ಕಾದಿದ್ದಳು, ಕಣ್ಣ ಕೆಳಗೆ ಕಪ್ಪು, ಚಿಕ್ಕಮ್ಮ, ನನ್ನ ಕೈಲಿ ಇನ್ನಾಗಲ್ಲ, ನನ್ನ ಬೆನ್ನೇ ಹೋಗ್ತಿದೆ, ಅಂತ ಪಿಸುಗುಟ್ಟಿದಳು, ಒಳಗೆ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಆಗಲೇ ಎತ್ತಿ ಕೂರಿಸಿದ್ದಾರೆ, ಹೊದಿಕೆಯ ಕೆಳಗೆ ಕಾಲುಗಳು ಇವೆಯೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿವೆ, ಬಂದ್ಯಾ ಪೈಲ್ವಾನ್, ಅಂದಳು ಅಕ್ಕ, ಎಷ್ಟು ಎತ್ತಿದೆ ಇವತ್ತು, ಅರವತ್ತು, ಹಾಗಾದ್ರೆ ನಾನು ನಿನಗೆ ಹೂವು, ಎತ್ತಿ ಆಚೆ ಇಟ್ಬಿಡು — ಇವಳು ಎದುರಿಗೆ ಮಣೆ ಎಳೆದು ಕೂತಳು, ಅಕ್ಕ, ಆವತ್ತು ನಾನು ನಕ್ಕೆನಲ್ಲ, ಅಂದಳು, ಯಾವತ್ತೇ, ಅಂದಳು ಅಕ್ಕ ಕಿಟಕಿಯಾಚೆ ನೋಡುತ್ತ, ನಿನಗೆ ಗೊತ್ತು ಯಾವತ್ತು ಅಂತ, ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಹುಸ್ ಹುಸ್ ಅಂತ ಹತ್ತು ಸಲ, ಹದಿನೈದು ಸಲ, ಆಮೇಲೆ ಅಕ್ಕ ಹೇಳಿದಳು, ನೀನು ನಕ್ಕಿದ್ದಕ್ಕೆ ಅಲ್ಲ ಕಣೆ, ನೀನು ನಗ್ತೀಯ, ಚಿಕ್ಕಂದಿನಿಂದ ನಿಂದು ಹಾಗೇ ಬಾಯಿ, ನೀನು ನಕ್ಕ ಮೇಲೆ ನಾನೂ ನಕ್ಕೆನಲ್ಲ, ಎಲ್ಲರ ಜೊತೆ ಸೇರ್ಕೊಂಡು, ನನ್ನ ಕಾಲನ್ನ ನೋಡಿ ನಾನೇ, ಅದಾದ ಮೇಲೆ ಆ ಕಾಲು ನಂದು ಅನ್ನಿಸ್ಲೇ ಇಲ್ಲ, ಈಗಂತೂ ಒಳಗಿರೋದು ಕಬ್ಬಿಣ, ನಂದು ಅಂತ ಏನಿದೆ ಅದ್ರಲ್ಲಿ, ನಿಂತ್ರೆ ಗಾಜಿನ ಹಾಗೆ ಪುಡಿ ಆಗುತ್ತೆ ಅನ್ಸುತ್ತೆ ಪುಟ್ಟಿ, ಹಗಲೆಲ್ಲ ಅದೇ ಸದ್ದು ಕಿವಿಯಲ್ಲಿ, ಅಮ್ಮನಿಗೂ ಹೀಗೇ ಅನ್ನಿಸ್ತಿತ್ತೇನೋ, ನಾನು ಕೇಳ್ಲೇ ಇಲ್ಲ, ಬರೀ ಮಗ್ಗುಲು ಬದಲಿಸಿದೆ.

ತಪ್ಪಾಯ್ತು ಅಕ್ಕ, ಅಂದಳು ಇವಳು, ಅರವತ್ತು ವರ್ಷದಲ್ಲಿ ಅಕ್ಕನಿಗೆ ಆ ಪದ ಹೇಳಿದ್ದು ಅದೇ ಮೊದಲು, ಹೇಳಿದ ಮೇಲೆ ಮೈ ಹಗುರಾಗಲಿಲ್ಲ, ಸುಳ್ಳು ಅದು, ಹಗುರಾಗುವುದಿಲ್ಲ, ಆದರೆ ಬೇರೆ ಏನೋ ಆಯಿತು, ಕೈಗೆ ಕೆಲಸ ನೆನಪಾಯಿತು, ಚೀಲದಿಂದ ಅಕ್ಕನ ಸೊಂಟದ ಹೋದ ವಾರದ ಫಿಲ್ಮು ತೆಗೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು, ನೋಡಿಲ್ಲಿ, ಇದು ಕಬ್ಬಿಣ, ಬೆಳ್ಳಗೆ ಹೊಳೀತಿದೆಯಲ್ಲ, ಅದನ್ನ ಬಿಡು, ಅದರ ಸುತ್ತ ನೋಡು, ಮೋಡ ಕಟ್ಟಿದ ಹಾಗೆ ಮಸುಕಾಗಿದೆ, ಅದು ಹೊಸ ಮೂಳೆ, ಯಾವ ಡಾಕ್ಟ್ರೂ ಇಟ್ಟಿದ್ದಲ್ಲ, ನೀನೇ ಕಟ್ಟಿದ್ದು, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದಾಗ್ಲೂ ಕಟ್ತಾ ಇದ್ದೆ, ನಿನ್ನ ಮೈಯಲ್ಲಿ ಅರವತ್ತೆಂಟು ವರ್ಷ ಆಗದೇ ಇರೋದು ಅದೊಂದೇ ಕಣೆ, ಅದಕ್ಕಿನ್ನೂ ಹತ್ತೇ ವಾರ, ಅಕ್ಕ ಕತ್ತು ಮುಂದೆ ಚಾಚಿ ಬಹಳ ಹೊತ್ತು ನೋಡಿದಳು, ಹತ್ತು ವಾರದ ಕೂಸು ಎದ್ದು ನಿಲ್ಲುತ್ತೇನೇ, ಅಂದಳು, ಅಂದು ಅಕ್ಕನೇ ಮೊದಲು ನಕ್ಕಳು, ಹೊಟ್ಟೆಯಿಂದ, ಕೆಮ್ಮು ಬರುವ ತನಕ, ಆಗ ಮಾತ್ರ ಇವಳೂ ನಕ್ಕಳು, ಬಾಗಿಲಲ್ಲಿ ಅಕ್ಕನ ಮಗಳು ಇಬ್ಬರಿಗೂ ತಲೆ ಕೆಟ್ಟಿದೆಯೇ ಅಂತ ನೋಡುತ್ತಿದ್ದಳು. ಬಾರೇ ಇಲ್ಲಿ, ಎರಡು ದಿಂಬು ತಾ, ಈ ಒಂದು ಸಲಕ್ಕೆ ಮಾತ್ರ ಎತ್ತೋಣ, ದಿಂಬು ಒಳಗೆ, ಹಾಂ, ಈಗ ನೀನು ಹಿಂದೆ ನಿಂತು ಕುರ್ಚಿ ಹಿಡ್ಕೊ, ಗಟ್ಟಿಯಾಗಿ, ವಾಕರ್ ಮುಂದಿಟ್ಟಳು, ಅಕ್ಕನ ಪಾದಗಳನ್ನು ಹಿಂದಕ್ಕೆ ಎಳೆದು ಮೊಣಕಾಲ ನೇರಕ್ಕೆ ತಂದಳು, ತಣ್ಣಗಿದ್ದವು, ಎರಡೂ ಮುಂದಕ್ಕೆ ನೋಡುತ್ತಿದ್ದವು, ಮೂಗು ವಾಕರಿನ ಆಚೆ ಹೋಗೋ ಹಾಗೆ ಬಗ್ಗು ಅಕ್ಕ, ಆಮೇಲೆ ಹಿಮ್ಮಡಿಯಿಂದ ನೆಲಾನ ಕೆಳಗೆ ತಳ್ಳು, ಮೇಲೆ ಏಳ್ಬೇಡ, ನೆಲಾನ ತಳ್ಳು ಅಷ್ಟೆ — ಹೇಳಿ ಬಾಯಿ ಮುಚ್ಚಿದಳು, ಮಣೆಯ ಮೇಲೆ ಕೂತು ಕೈ ತೊಡೆಗೆ ಒತ್ತಿಕೊಂಡಳು.

ಅಕ್ಕ ಬಗ್ಗಿದಳು, ಕೈ ವಾಕರಿನ ಮೇಲೆ, ಗೆಣ್ಣು ಬಿಳಿಯಾಯಿತು, ಏನೂ ಆಗಲಿಲ್ಲ, ಒಂದು ನಡುಕ ಬಂದು ಹೋಯಿತು, ಮತ್ತೆ ಬಗ್ಗಿದಳು, ಮತ್ತೆ ಏನೂ ಆಗಲಿಲ್ಲ, ಹಣೆಯಲ್ಲಿ ಬೆವರು, ಆಗಲ್ಲ ಕಣೆ ಅಂದಳು, ಇವಳ ತೋಳುಗಳು ಅಳುತ್ತಿದ್ದವು, ಹೌದು, ತೋಳುಗಳೇ, ಬರೀ ನಲವತ್ತಾರು ಕಿಲೋ, ಕಂಕುಳಿಗೆ ಕೈ ಕೊಟ್ಟರೆ ಒಂದು ಉಸಿರಿನ ಕೆಲಸ, ಎಂಟು ವರ್ಷ ಎತ್ತಿದ ಕಬ್ಬಿಣವೆಲ್ಲ ಈ ಒಂದು ಎತ್ತುವಿಕೆಗೇ ಇದ್ದ ಹಾಗೆ ತೋಳು ಮುಂದೆ ಮುಂದೆ ಹೋಗುತ್ತದೆ, ಎಳೆದು ತೊಡೆಯ ಮೇಲೆ ಇಡುತ್ತಾಳೆ, ಇಷ್ಟು ಭಾರವನ್ನು ಅವಳು ಯಾವತ್ತೂ ಹಿಡಿದಿರಲಿಲ್ಲ, ತನ್ನವೇ ಎರಡು ಕೈ, ಅಕ್ಕ ಕಣ್ಣು ಮುಚ್ಚಿದಳು, ಮೂಗು ವಾಕರಿನಾಚೆ ಹೋಯಿತು, ಹಿಮ್ಮಡಿ ನೆಲ ತಳ್ಳಿತು, ಕುರ್ಚಿ ಕಿರ್ರೆಂದಿತು, ಮತ್ತೆ — ಅಕ್ಕನ ಕೆಳಗಿನ ದಿಂಬು ಉಸಿರು ಎಳೆದುಕೊಂಡ ಹಾಗೆ ಉಬ್ಬಿ ಮೇಲೆದ್ದಿತು, ದಿಂಬಿಗೂ ಅಕ್ಕನಿಗೂ ನಡುವೆ ಪಕ್ಕದ ಕಿಟಕಿಯ ಬೆಳಕು ಕಾಣಿಸಿತು, ಒಂದು ಗೀಟು ಬೆಳಕು, ಕೂತುಬಿಟ್ಟಳು, ಬೆಳಕು ಮುಚ್ಚಿತು, ಅಮ್ಮಾ ಅಂತ ಹಿಂದಿನಿಂದ ಮಗಳು, ಯಾರೂ ಮುಟ್ಬೇಡಿ, ಅಂದಳು ಅಕ್ಕ, ಕಣ್ಣು ತೆರೆಯದೆ, ಯಾರೂ ಮುಟ್ಬೇಡಿ ನನ್ನ, ಎರಡು ಉಸಿರು, ಮೂರು ಉಸಿರು, ಕತ್ತಿನ ನರ ಎದ್ದಿತು, ಬಗ್ಗಿದಳು, ತಳ್ಳಿದಳು, ಬೆಳಕು, ಮತ್ತೆ, ಒಂದು ಬೆರಳು, ಸೈಕಲ್ಲಿನ ಗಾಳಿ ಹೊಡೆಯುವ ಸದ್ದು ಯಾವಾಗಲೋ ನಿಂತಿದೆ, ಎರಡು ಬೆರಳು, ಕಾಲು ಗಡಗಡ ನಡುಗುತ್ತಿದೆ, ನಡುಗಲಿ, ನಡುಗಲಿ, ನಡುಗುವುದು ಅಂದರೆ ಕೆಲಸ ಮಾಡುತ್ತಿದೆ ಅಂತ, ಮೂರು, ಅವಳ ಕೈ ತೊಡೆಯ ಮೇಲೇ ಇದೆ, ಉಗುರು ಬಟ್ಟೆಯೊಳಕ್ಕೆ ಇಳಿದಿದೆ, ನಾಲ್ಕು ಬೆರಳು ಬೆಳಕು, ಅಕ್ಕನ ಕೆಳಗೆ, ಅಕ್ಕ ಅದರ ಮೇಲೆ, ಯಾರ ಕೈಯೂ ಇಲ್ಲ ಅಲ್ಲಿ, ಬೆಳಕು ಮುಚ್ಚುತ್ತಿಲ್ಲ, ದಿಂಬಿನ ಮೇಲೆ, ಅಕ್ಕನ ಕೆಳಗೆ, ನಾಲ್ಕು ಬೆರಳು ಬೆಳಕು, ಮುಚ್ಚುತ್ತಿಲ್ಲ, ನಾಲ್ಕು ಬೆರಳು, ಬೆಳಕು